ಸಾಕುತಂದೆಯ ಹಬ್ಬವೂ ಕೂಡಲಸಂಗಮದ ಬಾಲಕನೂ



ಮಾರ್ಚ್ 19ರಂದು ನಾವು ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ಶುಭಸಂದೇಶಗಳಲ್ಲಿ ಅವರಾಡಿದ ಒಂದು ಮಾತೂ ದಾಖಲಾಗಿಲ್ಲ. ಆದರೆ ಮಗುವಿಗೆ ಯೇಸು ಎಂದು ಹೆಸರಿಟ್ಟವರು ಅವರೇ ಎಂದು ಸಂತ ಮತ್ತಾಯರು ಬರೆಯುತ್ತಾರೆ. ಹೆಸರಿಡುವುದೆಂದರೆ ಮಗುವನ್ನು ತನ್ನದೆಂದು ಊರೆದುರು ಒಪ್ಪಿಕೊಳ್ಳುವುದು. ಮುಂದೆ ಊರಿನವರೂ ಯೇಸುವನ್ನು 'ಬಡಗಿಯ ಮಗ' ಎಂದೇ ಗುರುತಿಸಿದರು. 1870ರಲ್ಲಿ ಒಂಬತ್ತನೇ ಪಯಸ್ ಪೋಪರು ಈ ಸಾಕುತಂದೆಯನ್ನು ಇಡೀ ಧರ್ಮಸಭೆಯ ಪಾಲಕರೆಂದು ಘೋಷಿಸಿದರು.

ವಿದ್ಯಾಗಿರಿಯಲ್ಲಿ ನಿಂತು ನೋಡಿದರೆ ಸಾಕುತಂದೆ ಎಂಬ ಮಾತು ದೂರದ್ದೆನಿಸುವುದಿಲ್ಲ. ಬಾದಾಮಿ, ಹುನಗುಂದ ಕಡೆಯ ಹಳ್ಳಿಗಳಿಂದ ಎಷ್ಟೋ ತಂದೆಯರು ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುತ್ತಾರೆ. ಮಕ್ಕಳು ಅಜ್ಜನ ಬಳಿಯೋ, ಸೋದರಮಾವನ ಬಳಿಯೋ, ಹಾಸ್ಟೆಲಿನಲ್ಲಿಯೋ ಬೆಳೆಯುತ್ತವೆ. ಇಂಥ ಮಕ್ಕಳ ಕಥೆಯೊಂದು ನಮ್ಮ ನೆಲದ ಇತಿಹಾಸದಲ್ಲೇ ಇದೆ.

ಹನ್ನೆರಡನೆಯ ಶತಮಾನದ ಮಾತು. ಬಾಗೇವಾಡಿಯ ಮಾದರಸರ ಮಗ ಬಸವಣ್ಣ ಉಪನಯನವನ್ನು ಒಲ್ಲೆನೆಂದು ಮನೆ ಬಿಟ್ಟು ಹೊರಟ. ಅಕ್ಕ ನಾಗಮ್ಮ ಜೊತೆಗೆ ಬಂದಳು ಎಂದು ಪರಂಪರೆ ಹೇಳುತ್ತದೆ. ಮಾದರಸರನ್ನು ನಾವು ಕೆಟ್ಟ ತಂದೆ ಎನ್ನಲಾರೆವು. ತಮಗೆ ತಮ್ಮ ತಂದೆ ಕೊಟ್ಟದ್ದನ್ನೇ ಮಗನಿಗೆ ಕೊಡಲು ಹೊರಟವರು ಅವರು. ಆದರೂ ಮಗ ಹೋದ. ಹೋದ ಮಗ ಬೀದಿಪಾಲಾಗಲಿಲ್ಲ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ ಜಾತವೇದ ಮುನಿಗಳು ಅವನನ್ನು ಉಳಿಸಿಕೊಂಡರು, ಓದಿಸಿದರು.

ಹಾಗೆ ಬೇರೊಬ್ಬರ ಆಸರೆಯಲ್ಲಿ ಬೆಳೆದ ಬಸವಣ್ಣನವರು ಮುಂದೆ ಕಲ್ಯಾಣದಲ್ಲಿ ಬಿಜ್ಜಳನ ಮಂತ್ರಿಯಾದಾಗ, ಅದೇ ಅಕ್ಕನ ಮಗ ಚನ್ನಬಸವಣ್ಣ ಅವರ ನೆರಳಿನಲ್ಲಿ ಬೆಳೆದನು. ಈ ಹುಡುಗ ಎಳೆಯ ವಯಸ್ಸಿನಲ್ಲೇ ಅನುಭವ ಮಂಟಪದ ಹಿರಿಯರ ನಡುವೆ ಕುಳಿತು ಮಾತಾಡಿದ. (ಹನ್ನೆರಡರ ಬಾಲಯೇಸು ದೇವಾಲಯದಲ್ಲಿ ಶಾಸ್ತ್ರಿಗಳ ನಡುವೆ ಕುಳಿತದ್ದು ನಮಗೆ ನೆನಪಾಗುತ್ತದೆ.) ಬಸವಣ್ಣನವರು ತಮ್ಮ ವಚನಗಳಲ್ಲಿ ಈ ಸೋದರಳಿಯನನ್ನು ಗುರುವೆಂಬಂತೆ ಗೌರವಿಸುತ್ತಾರೆ. ತಾನೇ ಎತ್ತಿ ಆಡಿಸಿದ ಹುಡುಗನೆದುರು ತಲೆಬಾಗುವುದು ಎಷ್ಟು ತಂದೆಯರಿಗೆ ಸಾಧ್ಯ? ಸಂತ ಜೋಸೆಫರೂ ಆ ದೇವಾಲಯದ ಪ್ರಸಂಗದ ನಂತರ ಶುಭಸಂದೇಶದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಮಗನಿಗೆ ದಾರಿ ಬಿಟ್ಟು ಸರಿದರೇನೋ. ಕಲ್ಯಾಣದಲ್ಲಿ ಗಲಭೆಯೆದ್ದಾಗ ಬಸವಣ್ಣನವರು ಕೂಡಲಸಂಗಮಕ್ಕೆ ಮರಳಿದರು. ಶರಣರನ್ನು ಕಾಡುದಾರಿಯಲ್ಲಿ ಉಳವಿಯವರೆಗೆ ನಡೆಸಿಕೊಂಡು ಹೋದವನು ಚನ್ನಬಸವಣ್ಣ. ಅವನ ಸಮಾಧಿ ಅಲ್ಲಿಯೇ ಇದೆ.

ತಂದೆ ದೂರದಲ್ಲಿರುವುದು ಒಂದು ಕಷ್ಟ. ಮನೆಯಲ್ಲಿದ್ದೂ ಇಲ್ಲದಂತಿರುವುದು ಇನ್ನೊಂದು; ಕುಡಿತ ಹೊಕ್ಕ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ 'ಮಹಾಂತ ಜೋಳಿಗೆ'ಯನ್ನು ಆರಂಭಿಸಿದರು. ಊರೂರು ತಿರುಗಿ ಅವರು ಬೇಡಿದ್ದು ಕಾಳನ್ನಲ್ಲ, ಕಾಸನ್ನಲ್ಲ. ನಿಮ್ಮ ದುಶ್ಚಟವನ್ನು ಈ ಜೋಳಿಗೆಗೆ ಹಾಕಿರಿ ಎಂದು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ನಮ್ಮ ಭಾಗದಲ್ಲಿ ಮಠದ ಸ್ವಾಮಿಗಳನ್ನು ಜನ 'ಅಪ್ಪಾರು' ಎನ್ನುತ್ತಾರೆ, ನಮ್ಮನ್ನು 'ಫಾದರ್' ಎನ್ನುತ್ತಾರೆ. ಎರಡು ಹೆಸರೂ ಪುಕ್ಕಟೆ ಸಿಗುತ್ತವೆ. ಇಳಕಲ್ಲಿನ ಅಪ್ಪಾರು ಆ ಹೆಸರಿನ ಸಾಲ ತೀರಿಸಿದ್ದು ಹೀಗೆ: ಮಕ್ಕಳಿಗೆ ತಾವು ತಂದೆಯಾಗುವುದಕ್ಕಿಂತ ಮೊದಲು, ಅವರವರ ತಂದೆಯನ್ನೇ ಮನೆಗೆ ಮರಳಿಸಲು ನೋಡಿದರು.

ಈ ಸಲದ ಹಬ್ಬದ ಬಲಿಪೂಜೆಯಲ್ಲಿ ತಂದೆಯರನ್ನು ಆಶೀರ್ವಾದಕ್ಕೆ ಕರೆಯುವಾಗ ಅಜ್ಜಂದಿರೂ, ಮಾವಂದಿರೂ, ಕಾಕಂದಿರೂ, ಹಾಸ್ಟೆಲಿನ ವಾರ್ಡನ್ನರೂ ಪೀಠದ ಮುಂದೆ ಬರಲಿ. ಗೋವಾದಲ್ಲಿರುವ ಅಪ್ಪನಿಗೆ ಮಕ್ಕಳು ಅಂದು ಸಂಜೆ ಫೋನು ಮಾಡಲಿ.