ಕಡಲ ತಳಕ್ಕೆ ಕಬ್ಬಿಣದ ನೇಗಿಲು

1376ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡನಿಗೆ ಪಾರ್ಲಿಮೆಂಟಿನ ಮೂಲಕ ಒಂದು ದೂರು ಬಂತು. ಕೆಲವು ಮೀನುಗಾರರು ಹೊಸ ಬಗೆಯ ಬಲೆಯನ್ನು ತಳಕ್ಕೆ ತಾಗಿಸಿ ಎಳೆಯುತ್ತಿದ್ದಾರೆ. ಅದರ ಕಬ್ಬಿಣದ ಭಾರಕ್ಕೆ ನೀರಡಿಯ ಗಿಡಗಳೂ ಸಿಂಪಿಯ ಮರಿಗಳೂ ಹಾಳಾಗುತ್ತಿವೆ. ಬಲೆಯ ಕಣ್ಣು ಎಷ್ಟು ಕಿರಿದೆಂದರೆ ಮರಿಮೀನಿಗೂ ಬಿಡುಗಡೆಯಿಲ್ಲ. ಸಿಕ್ಕಿದ್ದನ್ನು ಏನು ಮಾಡುವುದೆಂದು ತಿಳಿಯದೆ ಹಂದಿಗಳಿಗೆ ಹಾಕುತ್ತಿದ್ದಾರೆ. ಇದು ಆ ದೂರಿನ ಸಾರ. ತನಿಖೆಯೇನೋ ಆಯಿತು, ಬಲೆ ಮಾತ್ರ ಉಳಿಯಿತು. ಇಂದಿನ ಟ್ರಾಲ್ ಬಲೆಯ ಮುತ್ತಜ್ಜ ಅದು.

ಐದು ಶತಮಾನಗಳ ನಂತರ ಮತ್ತೆ ಅದೇ ಜಗಳ. ಗಾಳದ ಮೀನುಗಾರರ ದೂರನ್ನು ವಿಚಾರಿಸಲು 1863ರಲ್ಲಿ ನೇಮಕವಾದ ಆಯೋಗದಲ್ಲಿ ಹೆಸರಾಂತ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿಯೂ ಇದ್ದ. ಹೊಲ ಉತ್ತರೆ ಬೆಳೆ ಹೆಚ್ಚುವಂತೆ ತಳವನ್ನು ಕೆದಕಿದರೆ ಮೀನಿಗೆ ಮೇವು ಸಿಗುತ್ತದೆಂಬ ವಾದವೂ ಆಗ ಕೇಳಿಬಂತು. ನಿರ್ಬಂಧ ಬೇಡವೆಂದು 1866ರ ವರದಿ ಹೇಳಿತು. ದೊಡ್ಡ ಮೀನುಗಾರಿಕೆಗಳು ಬತ್ತಲಾರವೆಂದು ಹಕ್ಸ್‌ಲಿ 1883ರಲ್ಲಿ ಸಾರಿದ. ಉಗಿಯಂತ್ರದ ಟ್ರಾಲರುಗಳು ಕಡಲಿಗಿಳಿಯುತ್ತಿದ್ದ ಹೊತ್ತು ಅದು!

ಅದೇ 1883ರಲ್ಲಿ ಓಲ್ಸನ್ ಎಂಬಾತ ಪ್ರಕಟಿಸಿದ ಮೀನುಗಾರಿಕೆಯ ನಕಾಶೆಯಲ್ಲಿ ಉತ್ತರ ಸಮುದ್ರದ ದಕ್ಷಿಣ ಭಾಗದಲ್ಲಿ ಸಿಂಪಿಗಳ ವಿಶಾಲ ಹಾಸು ಕಾಣುತ್ತದೆ. ಇಂದು ಅದಿಲ್ಲ. ಬ್ರಿಟನ್ನಿನ ತಳಬಲೆಯ ದೋಣಿಗಳು ತಮ್ಮ ಶಕ್ತಿಯ ಪ್ರಮಾಣಕ್ಕೆ ಹಿಡಿದು ತರುವ ಮೀನು 1889ರಿಂದೀಚೆಗೆ ಶೇಕಡಾ 94ರಷ್ಟು ಕುಸಿದಿದೆಯೆಂದು 2010ರ ಅಧ್ಯಯನವೊಂದು ಲೆಕ್ಕಹಾಕಿತು.

ಬಿರುಗಾಳಿಯೂ ತಳವನ್ನು ಕಲಕುವುದಿಲ್ಲವೇ? ಕಲಕುತ್ತದೆ. ಆದರೆ ಅಲೆಯ ಕೈ ತಲುಪುವುದು ಸುಮಾರಾಗಿ ಅದರ ಉದ್ದದ ಅರ್ಧದಷ್ಟು ಆಳಕ್ಕೆ. ನೂರು ಮೀಟರ್ ಉದ್ದದ ಅಲೆ ಐವತ್ತು ಮೀಟರಿನ ಕೆಳಗೆ ಹೆಚ್ಚೇನೂ ಮಾಡದು. ಆಳವಿಲ್ಲದ ಮರಳಿನಲ್ಲಿ ಬಾಳುವ ಜೀವಿಗಳಿಗೆ ಅದು ಪರಿಚಿತ ನೆಂಟ. ಟ್ರಾಲ್ ಬಲೆಯೋ, ಅಲೆ ಮುಟ್ಟದ ಆಳದ ಕೆಸರಿಗೂ ಇಳಿಯುತ್ತದೆ. ಗಾಳಿಯಿಲ್ಲದ ದಿನವೂ ಬರುತ್ತದೆ, ಒಂದೇ ಜಾಗಕ್ಕೆ ವರ್ಷದಲ್ಲಿ ಹಲವು ಸಲ ಬರುತ್ತದೆ.

ಆ ಕೆಸರು ಒಂದು ಉಗ್ರಾಣವಿದ್ದಂತೆ. ಮೇಲಿನ ತೆಳುಪದರದಲ್ಲಷ್ಟೇ ಆಮ್ಲಜನಕ. ಅದರಡಿಯಲ್ಲಿ ಸತ್ತ ಜೀವಿಗಳ ಇಂಗಾಲ ಹುದುಗಿರುತ್ತದೆ. ಬ್ಯಾಕ್ಟೀರಿಯಾಗಳು ಹುಟ್ಟಿಸಿದ ಗಂಧಕ ಕಬ್ಬಿಣದೊಡನೆ ಕೂಡಿ ಪೈರೈಟ್ ಆಗಿ ಕೂತಿರುತ್ತದೆ. ಕೆದಕಿದಾಗ ಇದೆಲ್ಲ ಆಮ್ಲಜನಕವಿರುವ ನೀರಿಗೆ ಏಳುತ್ತದೆ. ಇಂಗಾಲದ ಒಂದಿಷ್ಟು ಭಾಗ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಪೈರೈಟ್ ಉತ್ಕರ್ಷಣಗೊಂಡು ಆಮ್ಲ ಹುಟ್ಟುತ್ತದೆ. ಅದು ನೀರಿನ ಕ್ಷಾರಗುಣವನ್ನು ತಿಂದುಹಾಕಿ, ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರುವ ಕಡಲಿನ ಶಕ್ತಿಯನ್ನು ತಗ್ಗಿಸುತ್ತದೆ. ಹೀಗೆ ಬಿಡುಗಡೆಯಾಗುವ ಇಂಗಾಲ ಜಗತ್ತಿನಾದ್ಯಂತ ಎಷ್ಟೆಂಬುದು ವಿವಾದದ ವಿಷಯ. 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಭಾರೀ ಅಂದಾಜನ್ನು ಇತರ ವಿಜ್ಞಾನಿಗಳು ಅತಿಯೆಂದು ಆಕ್ಷೇಪಿಸಿದ್ದಾರೆ. ಹುದುಗಿದ್ದುದೆಲ್ಲ ಸುಲಭವಾಗಿ ಕೊಳೆಯುವ ಸರಕಲ್ಲ ಎಂಬುದು ಅವರ ತಕರಾರು, ಅದರಲ್ಲಿ ಹುರುಳಿದೆ.

ಈ ಬಲೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಬೇರೂರಿದ್ದು 1950ರ ದಶಕದಲ್ಲಿ ಕೇರಳದ ನೀಂಡಕರೆಯಲ್ಲಿ ಶುರುವಾದ ಇಂಡೋ-ನಾರ್ವೇಜಿಯನ್ ಯೋಜನೆಯ ಬೆನ್ನಿಗೆ. ಸಿಗಡಿಯ ಬೆಲೆ ಅದನ್ನು ಮಂಗಳೂರು, ಮಲ್ಪೆಗಳಿಗೂ ಹಬ್ಬಿಸಿತು. ಕರ್ನಾಟಕದಲ್ಲಿ ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಮೀನು ಮರಿಮಾಡಲಿ ಎಂಬುದು ಅದರ ಉದ್ದೇಶ. ತಳದ ಕೆಸರಿನ ಲೆಕ್ಕ ಅದರಲ್ಲಿಲ್ಲ. ಮುಂಗಾರಿನ ಕೊನೆಯಲ್ಲಿ, ಸೆಪ್ಟೆಂಬರ್-ಅಕ್ಟೋಬರಿನ ಹೊತ್ತಿಗೆ, ಆಮ್ಲಜನಕ ತೀರಾ ಕಡಿಮೆಯಿರುವ ನೀರು ಆಳದಿಂದ ಮೇಲೆದ್ದು ಈ ಕರಾವಳಿಯ ತಳವನ್ನು ಆವರಿಸುತ್ತದೆಂದು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. ರಜೆ ಮುಗಿಸಿದ ಟ್ರಾಲ್ ದೋಣಿಗಳು ಆ ವೇಳೆಗೆ ಮತ್ತೆ ಕಡಲಲ್ಲಿರುತ್ತವೆ.