ಹನ್ನೊಂದರಿಂದ ಶುರುವಾದ ಲೆಕ್ಕ



ನಿಮ್ಮ ಮನೆಯ ಲಾಫ್ಟಿನಲ್ಲೋ ಮಂಚದಡಿಯ ಟ್ರಂಕಿನಲ್ಲೋ ಎಪ್ಪತ್ತರ ದಶಕದ ‘ಅಮರ ಚಿತ್ರಕಥೆ’ ಪುಸ್ತಕಗಳು ಉಳಿದಿದ್ದರೆ ಒಮ್ಮೆ ಹೊರಗೆ ತೆಗೆಯಿರಿ. ಇಂಗ್ಲಿಷಿನಲ್ಲಿ ಮೊಟ್ಟಮೊದಲು ಬಂದದ್ದು ‘ಕೃಷ್ಣ’. ಆದರೆ ಅದರ ಮೇಲೆ ಅಚ್ಚಾದ ಸಂಖ್ಯೆ 1 ಅಲ್ಲ, 11! (ಈಚಿನ ಮುದ್ರಣದಲ್ಲಿ ಹುಡುಕಬೇಡಿ, ಅಲ್ಲಿ ಸಂಖ್ಯೆ ಬದಲಾಗಿ 501 ಆಗಿದೆ.) ಹಾಗಾದರೆ ಮೊದಲ ಹತ್ತು ಎಲ್ಲಿ ಹೋದವು?

ಆ ಹತ್ತು ಬಂದಿದ್ದು ನಮ್ಮ ಕನ್ನಡದಲ್ಲಿ.

ಕಾರ್ಯಕ್ರಮದ ಕೊನೆಗೆ ಬರುವ ಫೋನ್‌ಗಳಲ್ಲಿ, ಪತ್ರಗಳಲ್ಲಿ ಈಚೆಗೆ ಒಂದು ಮಾತು ಪದೇಪದೇ ಕೇಳಿಬರುತ್ತಿದೆ. ಡೊಂಬಿವಲಿಯ ಗೃಹಿಣಿಗೆ ಬಟ್ಟೆಯ ಮೇಲೆ ಚಿತ್ರ ಬರೆದು ಮಾರುವ ಆಸೆ. ಮೀರಾರೋಡಿನ ಹುಡುಗನಿಗೆ ಬ್ಯಾಂಕಿನ ಕೆಲಸ ಬಿಟ್ಟು ಮಕ್ಕಳಿಗಾಗಿ ಕನ್ನಡ ಪುಸ್ತಕ ಮಾಡುವ ಹುಮ್ಮಸ್ಸು. ‘ಸ್ವಂತದ್ದು ಏನಾದರೂ ಮಾಡಬೇಕು, ಎಲ್ಲಿಂದ ಶುರು ಮಾಡಲಿ?’ ಎಂದು ಕೇಳುತ್ತಾರೆ. ನಾನು ಕನ್ನಡ ಬಿ.ಎ. ಓದಿದವನು, ವ್ಯಾಪಾರ ಮಾಡಿದವನಲ್ಲ. ಆದರೆ ಇದೇ ಮುಂಬಯಿಯಲ್ಲಿ, ನಮ್ಮೂರಿನವರೇ ಒಬ್ಬರು, ಇದೇ ದಾರಿಯಲ್ಲಿ ನಡೆದುಹೋಗಿದ್ದಾರೆ. ಅವರ ಕತೆಯನ್ನಾದರೂ ಹೇಳಬಲ್ಲೆ.

ಅನಂತ ಪೈ ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು, ಕಾರ್ಕಳದಲ್ಲಿ. ಮನೆಮಾತು ಕೊಂಕಣಿ. ಎರಡರ ವಯಸ್ಸಿಗೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಗು. ಹನ್ನೆರಡನೇ ವಯಸ್ಸಿಗೆ ಮುಂಬಯಿ ಸೇರಿ ಮಾಹಿಮಿನ ಓರಿಯಂಟ್ ಶಾಲೆಯಲ್ಲಿ ಓದಿದರು. ಕರಾವಳಿಯಿಂದ ಈ ಊರಿಗೆ ಬರುವುದೆಂದರೆ ಆಗ ಸಣ್ಣ ಮಾತಾಗಿರಲಿಲ್ಲ. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದೇ 1998ರಲ್ಲಿ, ಅದು ನಿಮಗೂ ಗೊತ್ತು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಅವರು ಓದಿದ್ದು ರಸಾಯನ ವಿಜ್ಞಾನ ಮತ್ತು ತಂತ್ರಜ್ಞಾನ. ಅಂದಿನ ಲೆಕ್ಕದಲ್ಲಿ ಕೈತುಂಬ ಸಂಬಳದ ಓದು. ಹುಡುಗನ ಮನಸ್ಸು ಮಾತ್ರ ಅಚ್ಚಿನ ಮನೆಯ ಕಡೆಗಿತ್ತು.

1954ರಲ್ಲಿ ಅವರು ‘ಮಾನವ್’ ಎಂಬ ಮಕ್ಕಳ ಪತ್ರಿಕೆ ಶುರು ಮಾಡಿದರು. ಅದು ನಿಲ್ಲಲಿಲ್ಲ.

ಅಮರ ಚಿತ್ರಕಥೆಯ ಬಗ್ಗೆ ಬರೆಯುವವರು ಈ ‘ಮಾನವ್’ಅನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಮಾತ್ರ ಅದೇ ಮುಖ್ಯ ಅನ್ನಿಸುತ್ತದೆ. ಸಣ್ಣ ಪತ್ರಿಕೆ ನಡೆಸಿದ ಯಾರನ್ನಾದರೂ ಕೇಳಿ ನೋಡಿ. ಕಾಗದದವನಿಗೆ ದುಡ್ಡು ಮುಂಗಡ ಬೇಕು. ಪ್ರೆಸ್ಸಿನವನಿಗೆ ಕಟ್ಟು ಎತ್ತುವಾಗಲೇ ಬೇಕು. ಆದರೆ ಮಾರುವ ಏಜೆಂಟ್ ಕೊಡುವುದು ಮೂರು ತಿಂಗಳ ಮೇಲೆ, ಅದೂ ಮಾರಾಟವಾಗದ ಪ್ರತಿಗಳನ್ನು ವಾಪಸು ಹೊರಿಸಿ. ಪತ್ರಿಕೆ ಚೆನ್ನಾಗಿದೆಯೋ ಇಲ್ಲವೋ ಎಂಬ ಪ್ರಶ್ನೆ ಬರುವ ಮೊದಲೇ ಜೇಬು ಖಾಲಿಯಾಗಿರುತ್ತದೆ. ಬರೆಯುವವರು, ಚಿತ್ರ ಬಿಡಿಸುವವರು ಸಾಮಾನ್ಯವಾಗಿ ಎಡವುವುದು ಕಲೆಯಲ್ಲಲ್ಲ, ಈ ಮೂರು ತಿಂಗಳಲ್ಲಿ.

ಪೈಯವರು ಆಮೇಲೆ ಸೇರಿದ್ದು ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗಕ್ಕೆ. ಸೋತು ನೌಕರಿಗೆ ಹೋದರು ಅನ್ನಬೇಡಿ. ಇನ್ನೊಬ್ಬರ ಬಂಡವಾಳದಲ್ಲಿ ಪಾಠ ಕಲಿಯಲು ಹೋದರು ಅನ್ನಿ. 1964ರಲ್ಲಿ ಟೈಮ್ಸ್ ಸಂಸ್ಥೆ ‘ಇಂದ್ರಜಾಲ ಕಾಮಿಕ್ಸ್’ ಹೊರತಂದಾಗ ಪೈಯವರು ಅಲ್ಲಿದ್ದರು. ಮುಖವಾಡದ ಫ್ಯಾಂಟಮ್ ನಮ್ಮ ಮಕ್ಕಳ ಕೈಗೆ ಬಂದದ್ದು ಆಗ. ಬಣ್ಣದ ಚಿತ್ರದ ಪುಸ್ತಕ ಹೇಗೆ ಅಚ್ಚಾಗುತ್ತದೆ, ರೈಲು ನಿಲ್ದಾಣದ ಅಂಗಡಿಯವರೆಗೆ ಹೇಗೆ ತಲುಪುತ್ತದೆ ಎನ್ನುವುದು ಅವರಿಗೆ ಸಂಬಳ ಪಡೆಯುತ್ತಲೇ ತಿಳಿಯಿತು.

ಮುಂದಿನದು ಬಹಳ ಜನರಿಗೆ ಗೊತ್ತಿರುವ ಕತೆ. 1967ರ ಫೆಬ್ರವರಿ, ದಿಲ್ಲಿ. ಮುಂಬಯಿಗೆ ಟಿ.ವಿ. ಬಂದದ್ದು 1972ರಲ್ಲಿ, ಹಾಗಾಗಿ ಅಂಗಡಿಯೊಂದರಲ್ಲಿ ಓಡುತ್ತಿದ್ದ ದೂರದರ್ಶನದ ಮುಂದೆ ನಿಲ್ಲುವುದೇ ಪೈಯವರಿಗೆ ಒಂದು ಸೋಜಿಗ. ಪರದೆಯ ಮೇಲೆ ಕ್ವಿಜ್ ನಡೆಯುತ್ತಿತ್ತು. ಗ್ರೀಕ್ ಪುರಾಣದ ಪ್ರಶ್ನೆಗೆ ವಿದ್ಯಾರ್ಥಿಗಳು ಥಟ್ಟನೆ ಉತ್ತರಿಸಿದರು. ರಾಮನ ತಾಯಿಯ ಹೆಸರೇನು ಎಂದಾಗ ಮೌನ. ಅಲ್ಲಿಂದ ಯೋಜನೆ ಹೊಳೆಯಿತು ಎಂದು ಪೈಯವರು ಜೀವನಪೂರ್ತಿ ಹೇಳಿಕೊಂಡು ಬಂದರು. ಹಲವು ಪ್ರಕಾಶಕರ ಬಾಗಿಲು ತಟ್ಟಿದರು, ಯಾರೂ ಒಪ್ಪಲಿಲ್ಲ. ಕೊನೆಗೆ ಒಪ್ಪಿದವರು ಇಂಡಿಯಾ ಬುಕ್ ಹೌಸಿನ ಮೀರ್‌ಚಂದಾನಿ.

ಆದರೆ ಮೀರ್‌ಚಂದಾನಿ ಯಾಕೆ ಒಪ್ಪಿದರು? ಇಲ್ಲಿ ಆ ಹತ್ತು ಕನ್ನಡ ಪುಸ್ತಕಗಳು ಬರುತ್ತವೆ.

ಅದೇ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಕಚೇರಿಯಲ್ಲಿ ಜಿ.ಕೆ. ಅನಂತರಾಮ್ ಎಂಬುವರಿದ್ದರು. ಪುಸ್ತಕ ಮಾರುವವರು, ಓದುಗರ ನಾಡಿ ಬಲ್ಲವರು. ಮಕ್ಕಳಿಗೆ ಕನ್ನಡದಲ್ಲಿ ಚಿತ್ರಕಥೆ ಕೊಟ್ಟರೆ ಓಡುತ್ತದೆ ಎಂದು 1965ರಲ್ಲಿ ಮುಂಬಯಿಯ ಮಾಲೀಕರನ್ನು ಒಪ್ಪಿಸಿದವರು ಅವರು. ಸಿಂಡರೆಲ್ಲಾ, ಜ್ಯಾಕ್ ಮತ್ತು ಅವರೆಬಳ್ಳಿಯಂಥ ಪರದೇಶದ ಕತೆಗಳೇ ಕನ್ನಡದ ಮಾತು ತೊಟ್ಟು, ‘ಅಮರ ಚಿತ್ರಕಥೆ’ ಎಂಬ ಹೆಸರಿನಲ್ಲಿ ಬಂದವು. ಚೆನ್ನಾಗಿ ಮಾರಾಟವಾದವು. ಪೈಯವರು ಬಾಗಿಲು ತಟ್ಟುವ ಹೊತ್ತಿಗೆ ಮೀರ್‌ಚಂದಾನಿಯವರ ಕೈಯಲ್ಲಿ ಕನ್ನಡ ಓದುಗರು ಕೊಟ್ಟ ಲೆಕ್ಕ ಇತ್ತು. ಅಮರ ಚಿತ್ರಕಥೆಯ ಪಿತಾಮಹ ಎಂಬ ಬಿರುದು ಪೈಯವರಿಗೆ ಸಂದಿತು. ಅನಂತರಾಮ್ ತಮ್ಮ ಪಾಲಿನ ಕತೆಯನ್ನು ಬಹಳ ವರ್ಷಗಳ ಮೇಲೆ ಹೇಳಬೇಕಾಯಿತು.

ಯಾರದು ಸರಿ? ಇಬ್ಬರದೂ ಸರಿ ಎಂದೇ ನನ್ನ ಎಣಿಕೆ. ಮಕ್ಕಳಿಗೆ ತಾಯ್ನುಡಿಯಲ್ಲಿ ಚಿತ್ರಕಥೆ ಬೇಕು ಎಂದು ಕಂಡವರು ಅನಂತರಾಮ್. ಅದರೊಳಗೆ ನಮ್ಮವೇ ಕತೆಗಳು ಬೇಕು ಎಂದು ಕಂಡವರು, ಕಂಡದ್ದನ್ನು ನಲವತ್ತು ವರ್ಷ ಬಿಡದೆ ಮಾಡಿದವರು ಪೈ. ದುಡ್ಡು ಹಾಕಿದವರು ಮೂರನೆಯವರು. ಹೀಗೆ ಮೂವರು ಸೇರಿ ಹೊರುವ ಪಲ್ಲಕ್ಕಿಯಲ್ಲಿ ಕೊನೆಗೆ ಜನರಿಗೆ ನೆನಪಿರುವುದು ಒಂದೇ ಹೆಸರು.

ಶುರುವಿನ ಪುಸ್ತಕಗಳಿಗೆ ಪೂರ್ತಿ ಬಣ್ಣ ಹಾಕಲೂ ಹಣ ಸಾಲದು. ಹಳದಿ, ನೀಲಿ, ಹಸಿರು, ಇಷ್ಟರಲ್ಲೇ ಗೋಕುಲವನ್ನು ತೋರಿಸಬೇಕಾಗಿತ್ತು. ಚಿತ್ರ ಬಿಡಿಸಿದವರು ರಾಮ್ ವಾಯಿರ್ಕರ್. ಇನ್ನೊಂದು ಗುಟ್ಟನ್ನು ನಮ್ಮ ಮೀರಾರೋಡಿನ ಹುಡುಗ ಗಮನಿಸಬೇಕು. ಚಿತ್ರಕಥೆಯಲ್ಲಿ ಖರ್ಚೆಲ್ಲ ಚಿತ್ರಕ್ಕೆ, ಬಣ್ಣಕ್ಕೆ. ಪಾತ್ರಗಳ ಬಾಯಿಂದ ಹೊರಡುವ ಗುಳ್ಳೆಯೊಳಗಿನ ಮಾತು ಕಪ್ಪು ಮಸಿಯದು. ಅದೊಂದು ಪ್ಲೇಟ್ ಬದಲಾಯಿಸಿದರೆ ಅದೇ ಕೃಷ್ಣ ಇಂಗ್ಲಿಷ್ ಬಿಟ್ಟು ಹಿಂದಿ ಆಡುತ್ತಾನೆ, ಮರಾಠಿ ಆಡುತ್ತಾನೆ, ಕನ್ನಡ ಆಡುತ್ತಾನೆ. ಒಮ್ಮೆ ಬಿಡಿಸಿದ 32 ಪುಟ ಹತ್ತು ಕಡೆ ದುಡಿಯುತ್ತದೆ. ಮುಂದೆ ಈ ಮಾಲೆ ಇಪ್ಪತ್ತು ಭಾಷೆ ಮುಟ್ಟಿತು, ನಾನೂರಕ್ಕೂ ಹೆಚ್ಚು ಶೀರ್ಷಿಕೆ ಬಂದವು, ಹತ್ತು ಕೋಟಿಗೂ ಮಿಕ್ಕಿ ಪ್ರತಿ ಮಾರಾಟವಾದವು ಎಂದು ಪ್ರಕಾಶಕರು ಹೇಳುತ್ತಾರೆ. ಬುನಾದಿ ಮಾತ್ರ ಆ ಕಪ್ಪು ಪ್ಲೇಟು.

ಆದರೂ ಮೊದಮೊದಲು ಮಾರಾಟ ಕುಂಟಿತು. ಕಾಮಿಕ್ಸ್ ಎಂದರೆ ಮಕ್ಕಳನ್ನು ಕೆಡಿಸುವ ಸಾಮಾನು ಎಂದು ಮೇಷ್ಟ್ರುಗಳೂ ಅಪ್ಪ ಅಮ್ಮಂದಿರೂ ನಂಬಿದ್ದ ಕಾಲ. ಗಿರಾಕಿ ಮಗುವಾದರೂ ದುಡ್ಡಿರುವುದು ಅಪ್ಪನ ಕಿಸೆಯಲ್ಲಲ್ಲವೇ? ಪೈಯವರು ಹಟ ಹಿಡಿದು ಶಾಲೆಗಳ ಬೆನ್ನು ಬಿದ್ದರು. ಪಠ್ಯದಿಂದ ಕಲಿತ ಮಕ್ಕಳಿಗೂ ಚಿತ್ರಕಥೆಯಿಂದ ಕಲಿತ ಮಕ್ಕಳಿಗೂ ಪರೀಕ್ಷೆ ಇಟ್ಟು ತೋರಿಸಿದರು. 1978ರ ಫೆಬ್ರವರಿಯಲ್ಲಿ ದಿಲ್ಲಿಯಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರದ ಬಗ್ಗೆಯೇ ಒಂದು ವಿಚಾರಗೋಷ್ಠಿ ಏರ್ಪಡಿಸಿ, ಆಗಿನ ಶಿಕ್ಷಣ ಮಂತ್ರಿ ಪ್ರತಾಪಚಂದ್ರ ಚುಂದರ್ ಅವರನ್ನು ಉದ್ಘಾಟನೆಗೆ ಕರೆತಂದರು. ಶಾಲೆಯ ಲೈಬ್ರರಿಯ ಬಾಗಿಲು ತೆರೆಯಿತು. ಯೋಜನೆ ಶುರುವಾಗಿ ಹನ್ನೊಂದು ವರ್ಷಗಳಾಗಿದ್ದವು ಎಂಬುದನ್ನು ನೆನಪಿಡಿ.

ಒಬ್ಬರೇ ಎಲ್ಲ ಮಾಡಿದರು ಅಂದುಕೊಳ್ಳಬೇಡಿ. ಭೂಲಾಭಾಯಿ ದೇಸಾಯಿ ರಸ್ತೆಯ ಮಹಾಲಕ್ಷ್ಮಿ ಚೇಂಬರ್ಸಿನ ಆ ಕಚೇರಿಗೆ ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಅವರಂಥ ಬರಹಗಾರರು ದುಡಿದರು. ಪ್ರತಾಪ್ ಮುಳಿಕ್, ದಿಲೀಪ್ ಕದಂ ಅವರಂಥ ಕಲಾವಿದರು ಪುಟಗಳಿಗೆ ಜೀವ ತುಂಬಿದರು. ಕೊನೆಯ ಮಾತು ಮಾತ್ರ ಸಂಪಾದಕರದು. ವಿಜ್ಞಾನ ಓದಿದ ಪೈಯವರು ‘ಕೃಷ್ಣ’ದ ಮೊದಲ ಆವೃತ್ತಿಯಲ್ಲಿ ಪವಾಡಗಳನ್ನು ಆದಷ್ಟು ತಗ್ಗಿಸಿದ್ದರು. ಬೆರಳ ತುದಿಯಲ್ಲಿ ಗೋವರ್ಧನ ಎತ್ತಿ ನಿಂತ ಕೃಷ್ಣ ಪೂರ್ಣ ವೈಭವದಲ್ಲಿ ಬಂದದ್ದು ಮುಂದಿನ ಆವೃತ್ತಿಯಲ್ಲಿ. ದೇವತೆಗಳು ಬೆಳ್ಳಗೆ, ರಕ್ಕಸರು ಕಪ್ಪಗೆ ಏಕೆ ಎಂದು ವಿಮರ್ಶಕರು ಕೇಳಿದರು. ಆ ಆಕ್ಷೇಪದಲ್ಲಿ ಹುರುಳಿದೆ ಎಂದು ನನಗೂ ಅನ್ನಿಸುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಅಮರ ಚಿತ್ರಕಥೆ ಪೈಯವರ ಸ್ವಂತದ್ದಾಗಿರಲಿಲ್ಲ. ಅದು ಇಂಡಿಯಾ ಬುಕ್ ಹೌಸಿನ ಆಸ್ತಿ. 1980ರಲ್ಲಿ ಶುರುವಾದ ‘ಟಿಂಕಲ್’ ಕೂಡ ಅದೇ ಮನೆಯಿಂದ ಬಂದದ್ದು. ಪೈಯವರ ಸ್ವಂತದ್ದು ಯಾವುದೆಂದರೆ 1969ರಲ್ಲಿ ಅವರು ಶುರು ಮಾಡಿದ ‘ರಂಗರೇಖಾ ಫೀಚರ್ಸ್’. ಹೆಚ್ಚು ಜನ ಕೇಳಿರದ ಹೆಸರು. ಚಿತ್ರಪಟ್ಟಿಗಳನ್ನು ತಯಾರಿಸಿ ಬೇರೆಬೇರೆ ಪತ್ರಿಕೆಗಳಿಗೆ ಒದಗಿಸುವ ಸಂಸ್ಥೆ ಅದು. ಬಾಲ ಉದ್ದವಾಗುವ ಕೋತಿ ‘ಕಪೀಶ್’ ನೆನಪಿದೆಯೇ? ಅವನು ರಂಗರೇಖೆಯ ಕೂಸು. ‘ಮಾನವ್’ ಇದ್ದಾಗ ಕಾಗದ, ಅಚ್ಚು, ಏಜೆಂಟ್ ಎಲ್ಲದರ ಭಾರ ಅವರ ತಲೆಯ ಮೇಲಿತ್ತು. ರಂಗರೇಖೆಯಲ್ಲಿ ಅವರು ಮಾರಿದ್ದು ಚಿತ್ರವನ್ನು ಮಾತ್ರ. ಕಾಗದದ ಚಿಂತೆ ಪತ್ರಿಕೆಯವರಿಗೆ, ಉಳಿದ ಪ್ರತಿಗಳ ಚಿಂತೆಯೂ ಅವರಿಗೇ. ಹದಿನೈದು ವರ್ಷದ ಹಿಂದೆ ಎಡವಿದ ಕಲ್ಲನ್ನು ಹೇಗೆ ಸುತ್ತುಹಾಕಿದರು ನೋಡಿ.

ಸ್ವಂತದ್ದೇ ಬೇಕು ಎಂದು ಹಟ ಹಿಡಿದವರಿಗೆ ಏನಾಯಿತು ಎನ್ನುವುದಕ್ಕೂ ಇದೇ ಊರಿನಲ್ಲಿ ಉದಾಹರಣೆ ಇದೆ, ಅದೂ ದೇವರ ಚಿತ್ರದ್ದೇ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಸ್ವಂತ ಲಿಥೋ ಪ್ರೆಸ್ ಹಾಕಿದರು. ಜರ್ಮನಿಯಿಂದ ಯಂತ್ರ, ಜರ್ಮನಿಯಿಂದಲೇ ಕುಶಲಕರ್ಮಿಗಳು. ನಮ್ಮ ಉಡುಪಿ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಮೇಲೆ ಕೂತ ಲಕ್ಷ್ಮಿಯ ತವರು ಆ ಪ್ರೆಸ್ಸೇ. ಪಟಗಳು ಮನೆಮನೆ ಸೇರಿದವು, ಸಾಲ ಮಾತ್ರ ತೀರಲಿಲ್ಲ. ಪ್ಲೇಗ್ ಬಂತು, ಪ್ರೆಸ್ ಲೋಣಾವಳದ ಹತ್ತಿರ ಮಳವಲಿಗೆ ಹೋಯಿತು, ಕೊನೆಗೆ ಹೊಸ ಶತಮಾನದ ಆರಂಭದಲ್ಲಿ ಅಲ್ಲೇ ದುಡಿಯುತ್ತಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್ ಅವರ ಪಾಲಾಯಿತು. ಕುಂಚ ಬಲ್ಲ ರವಿವರ್ಮರಿಗಿಂತ ಯಂತ್ರ ಬಲ್ಲ ಶ್ಲೈಷರ್ ಆ ವ್ಯಾಪಾರವನ್ನು ಚೆನ್ನಾಗಿ ನಡೆಸಿದರು. ರವಿವರ್ಮರದ್ದು ಒಡೆತನ ಇದ್ದೂ ಉಳಿಯದ ಕತೆ. ಪೈಯವರದ್ದು ಒಡೆತನವಿಲ್ಲದೆಯೂ ಉಳಿದ ಕತೆ. ಆದರೆ ಹಾಗೆ ಉಳಿದುದಕ್ಕೂ ಒಂದು ಬೆಲೆ ಇತ್ತು.

1987ರಲ್ಲಿ ಭಾನುವಾರ ಬೆಳಗ್ಗೆ ದೂರದರ್ಶನದಲ್ಲಿ ‘ರಾಮಾಯಣ’ ಶುರುವಾಯಿತು, ಮರುವರ್ಷ ‘ಮಹಾಭಾರತ’. ರಸ್ತೆಗಳೇ ಖಾಲಿಯಾಗುತ್ತಿದ್ದ ಆ ದಿನಗಳನ್ನು ನಿಮ್ಮಲ್ಲಿ ಹಿರಿಯರು ಮರೆತಿರಲಾರಿರಿ. ಟಿ.ವಿ.ಯ ಮುಂದೆ ಕೂತು ಕಲಿಯದ ಮಕ್ಕಳಿಗಾಗಿ ಹುಟ್ಟಿದ ಪುಸ್ತಕಕ್ಕೆ ಅದೇ ಟಿ.ವಿ. ಎದುರಾಳಿಯಾಯಿತು. 1991ರ ಹೊತ್ತಿಗೆ ಹೊಸ ಶೀರ್ಷಿಕೆಗಳು ನಿಂತವು, ಹಳೆಯವೇ ಮರುಮುದ್ರಣಗೊಂಡವು. ಎಷ್ಟು ಹೊಸದು ಬೇಕು, ಯಾವಾಗ ನಿಲ್ಲಬೇಕು ಎಂಬುದು ಅದರ ಹೆಸರಿಗೇ ಪರ್ಯಾಯವಾಗಿದ್ದ ಸಂಪಾದಕರೊಬ್ಬರ ಕೈಯಲ್ಲಿರಲಿಲ್ಲ. 2007ರಲ್ಲಿ ಎ.ಸಿ.ಕೆ. ಮೀಡಿಯಾ ಎಂಬ ಹೊಸ ಕಂಪನಿ ಅಮರ ಚಿತ್ರಕಥೆಯನ್ನೂ ಟಿಂಕಲ್ ಅನ್ನೂ ಕೊಂಡಿತು. ಕೊಟ್ಟವರು ಇಂಡಿಯಾ ಬುಕ್ ಹೌಸ್. ಲಕ್ಷಾಂತರ ಮಕ್ಕಳಿಗೆ ‘ಅಂಕಲ್ ಪೈ’ ಆಗಿದ್ದವರು ಆ ವ್ಯವಹಾರದಲ್ಲಿ ಮಾರುವವರೂ ಅಲ್ಲ, ಕೊಳ್ಳುವವರೂ ಅಲ್ಲ.

ಅದಕ್ಕೇ ಫೋನ್ ಮಾಡುವವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ನಿಮ್ಮದೇ ಹೆಸರು ಬೇಕೋ, ನಿಮ್ಮದೇ ಲೆಕ್ಕದ ಪುಸ್ತಕ ಬೇಕೋ, ಕೆಲಸ ನಡೆದರೆ ಸಾಕೋ? ಮೂರೂ ಬೇಕು ಎನ್ನುವವರೇ ಹೆಚ್ಚು. ಡೊಂಬಿವಲಿಯ ಆ ತಾಯಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೊದಲು ಹತ್ತು ಸೀರೆ ಮಾಡಿ ನೋಡ್ತೇನೆ’ ಅಂದರು.

ಪೈಯವರಿಗೆ 2011ರ ಫೆಬ್ರವರಿ 19ರಂದು ದಿಲ್ಲಿಯ ಮೊದಲ ಕಾಮಿಕ್ ಕಾನ್ ಮೇಳದಲ್ಲಿ ಜೀವಮಾನದ ಸಾಧನೆಗಾಗಿ ಪ್ರಶಸ್ತಿ ಸಂದಿತು. ಐದೇ ದಿನಗಳಲ್ಲಿ, 24ರಂದು, ಮುಂಬಯಿಯಲ್ಲಿ ತೀರಿಕೊಂಡರು.

ಕೊನೆಗೊಂದು ಕೋರಿಕೆ. 1965ರ ಆ ಹತ್ತು ಕನ್ನಡ ಪುಸ್ತಕಗಳಲ್ಲಿ ಒಂದಾದರೂ, ಮುಖಪುಟ ಹರಿದದ್ದೇ ಆಗಲಿ, ನಿಮ್ಮ ಬಳಿ ಇದ್ದರೆ ದಯವಿಟ್ಟು ನಿಲಯಕ್ಕೆ ಒಂದು ಕಾರ್ಡ್ ಹಾಕಿ. ನಾವೇ ಮನೆಗೆ ಬಂದು ನೋಡುತ್ತೇವೆ, ನೀವು ಒಪ್ಪಿದರೆ ಅದನ್ನು ಓದಿದ ನೆನಪನ್ನು ನಿಮ್ಮದೇ ದನಿಯಲ್ಲಿ ಧ್ವನಿಮುದ್ರಿಸಿಕೊಳ್ಳುತ್ತೇವೆ.