ಕುಮರಿಯ ಕಾಡು ಯಾರದು?

ಕಾಡನ್ನು ಕಾಯಬೇಕೆಂಬ ಮಾತಿಗೆ ಎದುರಾಡುವವರು ವಿರಳ. ಆದರೆ ಕಾಯುವ ಅಧಿಕಾರ ಯಾರ ಕೈ ಸೇರಿತೋ ನೆಲದ ಒಡೆತನವೂ ಅವರ ಕೈ ಸೇರಿತೆಂಬುದಕ್ಕೆ ಉತ್ತರ ಕನ್ನಡದ ಚರಿತ್ರೆಯೇ ಸಾಕ್ಷಿ.

1799ರಲ್ಲಿ ಟಿಪ್ಪು ಮಡಿದ ತರುವಾಯ ಈ ಸೀಮೆ ಕುಂಪಣಿಯ ವಶವಾಯಿತು. ಘಟ್ಟದ ಕಾಡಿನಲ್ಲಿ ಆಗ ಕುಣಬಿ, ಕರೆ ಒಕ್ಕಲು ಮೊದಲಾದ ಜನ ಕುಮರಿ ಬೇಸಾಯ ಮಾಡುತ್ತಿದ್ದರು. ಒಂದು ತುಂಡು ಕಾಡನ್ನು ಸವರಿ, ಒಣಗಿದ ಸೊಪ್ಪುಸದೆಗೆ ಬೆಂಕಿಯಿಟ್ಟು, ಮಳೆ ಬಿದ್ದೊಡನೆ ಬೂದಿಯಲ್ಲಿ ರಾಗಿ ಬಿತ್ತುವುದು. ಒಂದೆರಡು ಬೆಳೆ ತೆಗೆದ ಮೇಲೆ ಮತ್ತೆ ಕಾಡು ಬೆಳೆಯಲೆಂದು ಆ ನೆಲವನ್ನು ವರುಷಗಟ್ಟಲೆ ಬಿಡುವುದು. ಇದು ಅದರ ಕ್ರಮ.

ಹಡಗುಗಳಿಗೂ ರೈಲು ಹಳಿಯ ಕೆಳಗಿನ ದಿಮ್ಮಿಗಳಿಗೂ ಮರ ಬೇಕಾದಾಗ ಈ ಬೆಂಕಿ ಸರಕಾರದ ಕಣ್ಣಿಗೆ ಬಿತ್ತು. 1856ರಲ್ಲಿ ಮದರಾಸು ಪ್ರಾಂತದ ಅರಣ್ಯಾಧಿಕಾರಿಯಾದ ಡಾ. ಕ್ಲೆಗ್‌ಹಾರ್ನ್ ಸಾಹೇಬರು ಕುಮರಿಯಿಂದ ಬೆಲೆಬಾಳುವ ಮರ ನಾಶವಾಗುತ್ತದೆಂದು ವಾದಿಸಿದರು. 1860ರಲ್ಲಿ, ಅಪ್ಪಣೆಯಿಲ್ಲದೆ ಕುಮರಿ ಕೂಡದೆಂದು ಆಜ್ಞೆಯಾಯಿತು. 1862ರಲ್ಲಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತು. ಕಚೇರಿ ಬದಲಾಯಿತೇ ಹೊರತು ನೀತಿ ಬದಲಾಗಲಿಲ್ಲ. 1878ರ ಅರಣ್ಯ ಕಾಯಿದೆಯ ಪ್ರಕಾರ, ಕಾಡು ಮೀಸಲಾಗುವ ಮೊದಲು ಗೊತ್ತುಪಡಿಸಿದ ಅವಧಿಯೊಳಗೆ ಹಕ್ಕು ಹೇಳಿಕೊಳ್ಳದವನ ಹಕ್ಕು ಅಲ್ಲಿಗೇ ಮುಗಿಯಿತು. 1927ರ ಕಾಯಿದೆ ಇನ್ನೂ ಸ್ಪಷ್ಟವಾಗಿ ನುಡಿಯಿತು: ಕುಮರಿ ಹಕ್ಕಲ್ಲ, ಸರಕಾರ ತನ್ನಿಚ್ಛೆಯಂತೆ ರದ್ದುಮಾಡಬಹುದಾದ ಸವಲತ್ತು.

ಇದೇ ಕಾಡಿನಿಂದ ಅಡಕೆ ತೋಟಿಗರೂ ಸೊಪ್ಪು ತರುತ್ತಿದ್ದರು. ತೋಟ ಕಂದಾಯದ ಲೆಕ್ಕದಲ್ಲಿದ್ದುದರಿಂದ ಅವರಿಗೆ ಸೊಪ್ಪಿನ ಬೆಟ್ಟ ದೊರೆಯಿತು. ಸ್ಥಳದಿಂದ ಸ್ಥಳಕ್ಕೆ ಸಾಗುವ ಕುಮರಿಯವನಿಗೆ ಸರ್ವೆ ನಂಬರಿಲ್ಲ. ಅವನು ತನ್ನ ಕಾಡಿನಲ್ಲೇ ಅತಿಕ್ರಮಿಯಾದನು.

ಸ್ವಾತಂತ್ರ್ಯ ಬಂದ ಮೇಲೆ ಮರದ ಜಾಗಕ್ಕೆ ವನ್ಯಮೃಗ ಬಂದಿತು. ಕುಣಬಿಗಳ ಜೋಯಿಡಾ ಸೀಮೆಯಲ್ಲಿ 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವೂ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೂ ಆದವು. ಹುಲಿ ಉಳಿಯಬೇಕಾದುದು ನಿಜ. ಗಡಿ ಎಳೆಯುವ ಕೈ ಮಾತ್ರ ಹಿಂದಿನಂತೆಯೇ ಕಚೇರಿಯದು.

2006ರ ಅರಣ್ಯ ಹಕ್ಕು ಕಾಯಿದೆ ಹಿಂದಿನ ಅನ್ಯಾಯವನ್ನು ಒಪ್ಪಿಕೊಂಡಿತು. ಆದರೂ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿ 75 ವರುಷಗಳ ವಾಸವನ್ನು ರುಜುವಾತುಪಡಿಸಬೇಕು. ಕಾಗದವಿಲ್ಲದವನ ಪರವಾಗಿ ಊರ ಹಿರಿಯರ ಹೇಳಿಕೆಯನ್ನೂ ಪುರಾವೆಯಾಗಿ ಕೊಡಬಹುದೆಂಬ ನಿಯಮವಿದೆ. ಆ ಮಾತನ್ನು ಕಚೇರಿಗಳು ಮನಃಪೂರ್ವಕವಾಗಿ ಮನ್ನಿಸಿದರೆ, ಕಾಡು ಕಾಯುವ ಕೆಲಸಕ್ಕೆ ಹಗೆಗಳ ಬದಲು ನೆರೆಯವರು ದೊರೆತಾರು.